ಹದಿನೇಳನೇ ನಂಬರಿನ ಚರ್ಮ

ಐವೊನೆಟ್ಟಿ ಸಬಿನೊ, ವಯಸ್ಸು 43 ವರ್ಷ, ಪ್ರಯೋಗಾಲಯ ಸಹಾಯಕಿ, ವಾಸ ವಿಲಾ ಫಿಯೋರಿ, ಸೊರೊಕಾಬಾ, ಬ್ರೆಜಿಲ್ ಆದ ನಾನು ಠಾಣೆಗೆ ಖುದ್ದು ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ನಾನು ಹನ್ನೊಂದು ವರ್ಷಗಳಿಂದ ಡಾಕ್ಟರ್ ಎವಾಂದ್ರೊ ಲಿನ್ಸ್ ಅವರ ಖಾಸಗಿ ಪ್ರಯೋಗಾಲಯದಲ್ಲಿ ಕೆಲಸ ಮಾಡಿಕೊಂಡಿರುತ್ತೇನೆ. ಚರ್ಮದ ಹೊರಪದರದಲ್ಲಿರುವ ಕೊಬ್ಬನ್ನು ಅಳೆಯುವುದು ನನ್ನ ಕೆಲಸ. ಆ ಕೊಬ್ಬು ಕಡಿಮೆಯಾದರೆ ಚರ್ಮ ಬಿರಿದು ಸೋಂಕು ಒಳಹೋಗುತ್ತದೆ.

ದಿನಾಂಕ 3-3-2009ರಂದು ಬೆಳಿಗ್ಗೆ 9.10ಕ್ಕೆ, ನಮ್ಮಲ್ಲಿಂದ ನಾಲ್ಕು ಕಿಲೋಮೀಟರ್ ದೂರದ ಸೋಪಿನ ಪುಡಿ ಕಾರ್ಖಾನೆಗೆ ಡಾಕ್ಟರ್ ನನ್ನನ್ನು ಕಳುಹಿಸಿದರು. ಪರೀಕ್ಷೆ ಮಾಡಿಸುತ್ತಿದ್ದುದು ಕಾರ್ಖಾನೆಯವರೇ. ಪ್ಯಾಕಿಂಗ್ ವಿಭಾಗದ 22 ಹೆಂಗಸರ ಮುಂಗೈಗೆ ಅಂಟುಪಟ್ಟಿ ಒತ್ತಿ ಕಿತ್ತು ಮಾದರಿ ತೆಗೆದೆನು. ಒಬ್ಬೊಬ್ಬರಿಗೆ ಹತ್ತು ಪಟ್ಟಿ. ಹದಿನೇಳನೆಯವಳಾದ ಕ್ಲಿಯೂಜಾ ಬರ್ಬೋಜಾ, ವಯಸ್ಸು 29, ಇವಳಿಗೆ ಮೂರನೇ ಪಟ್ಟಿಗೇ ರಕ್ತ ಬಂದಿತು. ನಿಲ್ಲಿಸಲೇ ಎಂದು ಕೇಳಿದೆನು. "ಕೀಳಕ್ಕ, ಅದು ಹೇಗಿದ್ರೂ ಉಳಿಯೋ ಚರ್ಮ ಅಲ್ಲ. ನಮಗೆ ಗ್ಲೌಸ್ ಕೊಡಿಸೋ ಹಾಗೆ ಬರಿ, ಅಷ್ಟೇ" ಎಂದಳು. ಅವರ ಮೇಸ್ತ್ರಿ ಜುಲೇಯ್ದಿ, ಹಿಂಗೇ ಆದ್ರೆ ಉಂಗುರ ಹಾಕೋಕೆ ಬೆರಳೇ ಇರಲ್ಲ ಕಣೆ ನಿಂಗೆ ಎಂದು ಛೇಡಿಸಿದ್ದಕ್ಕೆ ಎಲ್ಲರೂ ನಕ್ಕರು. ಕ್ಲಿಯೂಜಾ ಸಹ ನಕ್ಕಳು.

ದಿನಾಂಕ 10-3-2009ರಂದು ಫಲಿತಾಂಶ ಬಂದಿತು. ಆ ಹೆಂಗಸರ ಚರ್ಮದಲ್ಲಿ ಇರಬೇಕಾದ ಕೊಬ್ಬಿನ ಅರ್ಧ ಮಾತ್ರ ಇತ್ತು. ಕ್ಲಿಯೂಜಾಳಲ್ಲಿ ಕಾಲುಭಾಗವೂ ಇರಲಿಲ್ಲ. ಸಂಜೆ 4 ಗಂಟೆಗೆ ಡಾಕ್ಟರಿಗೆ ತಿಳಿಸಿದೆನು. ಯಾರ ಮುಂದೆಯೂ ಬಾಯಿ ಬಿಡಬಾರದೆಂದು ಹೇಳಿದರು. ನಾನು ಬಾಯಿ ಬಿಡಲಿಲ್ಲ.

ದಿನಾಂಕ 12-3-2009ರಂದು ಕ್ಲಿಯೂಜಾ ತೀರಿಕೊಂಡಳು. ಕೈಯ ಬಿರುಕಿನ ಸೋಂಕು ರಕ್ತಕ್ಕೇರಿತ್ತು. ಮರುದಿನ ಮಣ್ಣಿಗೆ ಹೋಗಿದ್ದೆನು. ಅವಳ ಕೈಗಳಿಗೆ ಬಿಳಿ ಗ್ಲೌಸ್ ತೊಡಿಸಿದ್ದರು.

ದಿನಾಂಕ 16-3-2009ರಂದು ಬೆಳಿಗ್ಗೆ 10.30ಕ್ಕೆ ಡಾಕ್ಟರ್, ಕೊಬ್ಬು ಅಳೆಯುವ ಯಂತ್ರ ಸರಿಯಿದೆಯೇ ಎಂದು ನೋಡಲು ಒಳ್ಳೆಯ ಚರ್ಮ ಬೇಕು ಎಂದು ಹೇಳಿ, ಮೇಲಿನ ಮಹಡಿಯ ವಿಮಾ ಕಚೇರಿಯ 21 ಹೆಂಗಸರ ಮಾದರಿ ತೆಗೆಸಿದರು. ಇಪ್ಪತ್ತೆರಡನೆಯದನ್ನು ನನ್ನ ಬಲಗೈಯಿಂದ ತಾವೇ ತೆಗೆದು, ಅದನ್ನಿಟ್ಟ ಸೀಸೆಯ ಮೇಲೆ 17 ಎಂದು ಬರೆದರು. ಯಾಕೆಂದು ಕೇಳಿದ್ದಕ್ಕೆ, "ಯಂತ್ರಕ್ಕೆ ಹೆಸರು ಯಾಕಮ್ಮ, ನಂಬರ್ ಸಾಕು" ಎಂದರು. ಪರೀಕ್ಷೆ ಮಾಡಿ, ಬರೀ ನಂಬರುಗಳಿದ್ದ ಫಲಿತಾಂಶದ ಹಾಳೆಗೆ ಸಹಿ ಹಾಕಿದೆನು.

ದಿನಾಂಕ 2-4-2009ರಂದು ಬೆಳಿಗ್ಗೆ 6.40ಕ್ಕೆ ಜುಲೇಯ್ದಿ ನನ್ನ ಮನೆಯ ಗೇಟಿನ ಬಳಿ ನಿಂತಿದ್ದಳು. ಕಾರ್ಖಾನೆಯ ಗೋಡೆಗೆ ಅಂಟಿಸಿದ್ದ ವರದಿಯನ್ನು ಕಿತ್ತು ತಂದಿದ್ದಳು. 16ನೇ ತಾರೀಖು 22 ಕೆಲಸಗಾರ್ತಿಯರ ಮರುಪರೀಕ್ಷೆ ನಡೆದಿದೆ, ಗ್ಲೌಸಿನ ಅಗತ್ಯವಿಲ್ಲ ಎಂದು ಅದರಲ್ಲಿತ್ತು. ಹದಿನೇಳನೇ ಸಾಲಿನಲ್ಲಿ ಕ್ಲಿಯೂಜಾಳ ಪೂರ್ತಿ ಹೆಸರು, ಮುಂದೆ "ಚರ್ಮ ಆರೋಗ್ಯಕರ" ಎಂದಿತ್ತು. ಕೆಳಗೆ ನನ್ನ ಸಹಿ.

"ಮಣ್ಣು ಮಾಡಿ ಮೂರು ದಿನ ಆದ್ಮೇಲೆ ಅವಳ ಕೈ ನಿಂಗೆಲ್ಲಿ ಸಿಕ್ತೇ?" ಎಂದು ಜುಲೇಯ್ದಿ ಕೇಳಿದಳು. ಅದು ನನ್ನ ಕೈ ಎಂದು ಹೇಳಿದೆನು. ಅವಳು ಬೈಯಲಿಲ್ಲ. ನನ್ನ ತೋಳು ಹಿಡಿದು, ತಿರುಗಿಸಿ ನೋಡಿ, ಬಿಟ್ಟು, ಆ ವರದಿಯನ್ನು ನನಗೆ ಕೊಟ್ಟು ಹೋದಳು.

ಅದೇ ದಿನ ಬೆಳಿಗ್ಗೆ 9 ಗಂಟೆಗೆ ಡಾಕ್ಟರನ್ನು ಈ ಬಗ್ಗೆ ಕೇಳಿದೆನು. ಮೊದಲ ಮಾದರಿಗಳನ್ನೂ ಹಾಳೆಗಳನ್ನೂ ಸುಟ್ಟಿದ್ದಾಗಿದೆ, ಸಹಿ ನಿನ್ನದು, ಬೇಡಿ ಮೊದಲು ನಿನಗೇ ಬೀಳುತ್ತದೆ ಎಂದು ಹೇಳಿದರು.

ಸಹಿಯ ವಿಷಯ ಬಿಟ್ಟುಬಿಡಬಹುದೆಂದು ಹೇಳಿಕೆ ಬರೆದುಕೊಂಡ ಅಧಿಕಾರಿ ದಯೆಯಿಂದ ಸೂಚಿಸಿದರು. ಬಿಡಬಾರದೆಂದು ಕೋರುತ್ತೇನೆ. ನನ್ನ ಹೆಸರನ್ನು ಆರೋಪಿಗಳ ಕಡೆಯೂ ಬರೆದುಕೊಳ್ಳಬೇಕು. ಸಾಕ್ಷ್ಯವಾಗಿ ಹಾಜರುಪಡಿಸಲು ನನ್ನಲ್ಲಿ ಈ ವರದಿಯ ಹಾಳೆ ಮತ್ತು ನನ್ನ ಬಲಗೈ ಬಿಟ್ಟು ಬೇರೇನೂ ಇರುವುದಿಲ್ಲ.

ಬರೆದದ್ದನ್ನು ಓದಿಸಿ ಕೇಳಿದೆನು. ನಡೆದದ್ದು ಹೀಗೆಯೇ. ಯಾರೂ ಹೇಳಿಕೊಟ್ಟಿಲ್ಲ.

ಸ್ಥಳ: ಸೊರೊಕಾಬಾ
ದಿನಾಂಕ: 3-4-2009
ಸಹಿ/- ಐವೊನೆಟ್ಟಿ ಸಬಿನೊ