ಹದಿನೈದನೇ ಎಲೆ

ಬಾಗಿಲು ಹಾಕಿ ಕೂತ್ಕೊಳ್ಳಿ, ಹೇಳ್ತೇನೆ. ನಗುವವರು ಈಗಲೇ ನಕ್ಕು ಮುಗಿಸಿ... ನಡುವೆ ಬೇಡ. ಇದು ಎಲ್ಲೋ ಕೇಳಿದ ಸುದ್ದಿಯಲ್ಲ. ನಮ್ಮ ಗೋಡೆಗೆ ಗೋಡೆ ತಾಗಿದ ಮನೆಯ ಸ್ವರ್ಣಲತಾಳಿಗೆ ಹೋದ ವರ್ಷ ಆದದ್ದು.

ಮುಸ್ಸಂಜೆ. ಬೋಳಾರದ ರಸ್ತೆಯಲ್ಲಿ ಟೆಂಪೊದಿಂದ ಇಳಿದು ಅವಳು ಓಣಿ ಹಿಡಿದಿದ್ದಳು. ತಿರುವಿನಲ್ಲಿ ಹಳೇ ಬಾವಿ ಉಂಟಲ್ಲ, ಕಬ್ಬಿಣದ ಬಲೆ ಮುಚ್ಚಿದ್ದು... ಅಲ್ಲಿಗೆ ಬರುವಾಗ ಹಿಂದಿನಿಂದ ಸದ್ದು. ಟಕ್. ಸರ್ರ್... ಟಕ್. ಒಂದು ಕಾಲು ಊರಿ ಇನ್ನೊಂದನ್ನು ಎಳೆದ ಹಾಗೆ. ಅವಳು ನಿಂತಳು. ಅದೂ ನಿಂತಿತು. ಅವಳು ತಿರುಗಿ ನೋಡಲಿಲ್ಲ. ಆ ಸದ್ದಿನ ಪರಿಚಯ ಅವಳಿಗೆ ಮಧ್ಯಾಹ್ನವೇ ಆಗಿತ್ತು.

ಸ್ವರ್ಣಲತಾ ಟೂರ್ ಗೈಡ್. ಗಂಡ ಧನರಾಜ್ ಬೋಟಿನಲ್ಲಿ ಮೀನಿಗೆ ಹೋದರೆ ಹತ್ತು ದಿನ ಮನೆ ಕಡೆ ತಲೆ ಹಾಕುವುದಿಲ್ಲ. ಮನೆಯಲ್ಲಿ ವಯಸ್ಸಾದ ತಾಯಿ, ಐದು ವರ್ಷದ ಮಗಳು ಮಾನ್ಯಾ. ಅವಳದ್ದು ಒಂದು ದಿನದ ಸುತ್ತಾಟ. ಬಾವುಟಗುಡ್ಡೆ, ಸುಲ್ತಾನ್ ಬತ್ತೇರಿ ಅಂತ ಯುದ್ಧದ ಜಾಗಗಳು, ಬಂದರಿನಲ್ಲಿ ಮೀನೂಟ, ಆಮೇಲೆ ಮಂಗಳಾದೇವಿ, ಕಡಲತೀರ. ಹಳೇ ಕೋಟೆಯ ಮುತ್ತಿಗೆಯ ಕತೆ ಹೇಳುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಅನ್ನವಿಲ್ಲದೆ ಸತ್ತ ಸಿಪಾಯಿಗಳು, ಹೆಸರೂ ಉಳಿಯದವರು... ಅಂತ ಅವಳು ಸ್ವರ ತಗ್ಗಿಸಿದರೆ ಬಿಸ್ಕತ್ತು ತಿನ್ನುತ್ತಿದ್ದವರ ಬಾಯಿ ನಿಲ್ಲುತ್ತದೆ.

ಆವತ್ತು ಬತ್ತೇರಿಯಲ್ಲೂ ಹಾಗೇ ಹೇಳಿದಳು. ಹದಿನಾಲ್ಕು ಜನ, ಎಲ್ಲ ಹುಬ್ಬಳ್ಳಿ ಕಡೆಯವರು. ಹೊರಡುವ ಹೊತ್ತಿಗೆ ಕೆಳಗೆ, ಹಿಂದೆ ಕೋವಿಮದ್ದು ತುಂಬಿಡುತ್ತಿದ್ದ ಕೋಣೆಯಲ್ಲಿ ಯಾರೋ ಉಳಿದ ಹಾಗೆ ಅನ್ನಿಸಿತು. ಬಗ್ಗಿ, ಆ ಕತ್ತಲಿಗೆ ಕೂಗಿದಳು. "ಯಾರಾದ್ರೂ ಉಳಿದಿದ್ರೆ ಬನ್ನಿ... ಊಟಕ್ಕೆ ಹೊತ್ತಾಯ್ತು!"

ಹೆಸರು ಹಿಡಿಯದೆ ಹಾಗೆ ಕರೆಯಬಾರದು. ಅವಳ ತಾಯಿ ಸಾವಿರ ಸಲ ಹೇಳಿದ್ದು. ಆದರೆ ಕೆಲಸದ ಗಡಿಬಿಡಿಯಲ್ಲಿ ಅದೆಲ್ಲ ಯಾರಿಗೆ ನೆನಪಿರ್ತದೆ?

ಟೆಂಪೊ ಹತ್ತುವಾಗ ಅವಳು ತಲೆ ಎಣಿಸುವುದಿಲ್ಲ. ಫೋನು ಕಿವಿಗಿಟ್ಟು, ಬೆನ್ನು ಹಾಕಿ, ಮೆಟ್ಟಿಲ ತಗಡಿನ ಸದ್ದು ಎಣಿಸುತ್ತಾಳೆ. ಟಣ್... ಟಣ್... ಹದಿನಾಲ್ಕು. ಆಮೇಲೆ ಇನ್ನೊಂದು. ಟಕ್. ಸರ್ರ್...

"ಹದಿನೈದು ಎಲೆ ಹಾಕಿ," ಅಂತ ಹೋಟೆಲಿಗೆ ಹೇಳಿಬಿಟ್ಟಳು.

ಬಂದರಿನ ಹೋಟೆಲಿನಲ್ಲಿ ಹದಿನಾಲ್ಕು ಜನ ಕೂತರು. ಕೊನೆಯ ಎಲೆಯ ಮುಂದೆ ಕುರ್ಚಿ ಖಾಲಿ. ಬಡಿಸುವ ಸುಲೈಮಾನ್ ಸೌಟು ಹಿಡಿದು ನಿಂತ. "ಇದು ಯಾರದ್ದು ಅಕ್ಕ?"

"ಕೈ ತೊಳೆಯಲಿಕ್ಕೆ ಹೋಗಿರ್ಬೇಕು. ಬಡಿಸಿ ಮಾರಾಯ್ರೆ, ಹಸಿದವರು."

ಬಡಿಸಿದ. ಅನ್ನ, ಬಂಗುಡೆ ಸಾರು, ಒಂದು ಹುರಿದ ಬಂಗುಡೆ. ಅವಳು ನೀರು ಕುಡಿದು ಬರುವಷ್ಟರಲ್ಲಿ ಆ ಎಲೆ ಖಾಲಿ. ಒಂದಗುಳಿಲ್ಲ. ಮೀನಿನ ಮುಳ್ಳೂ ಇಲ್ಲ... ಎಲೆಯ ಅಂಚಿನಲ್ಲಿ ಕಪ್ಪು ಪುಡಿ ಮಾತ್ರ, ಪಟಾಕಿಯ ವಾಸನೆ. ಯಾರಿಗೆ ಹೇಳುವುದು? ಎಂತ ಅಂತ ಹೇಳುವುದು?

ಸಂಜೆ ಪ್ರವಾಸಿಗರನ್ನು ಲಾಡ್ಜಿಗೆ ಬಿಟ್ಟಾಯಿತು. ಬೋಳಾರದ ದಾರಿಯಲ್ಲಿ ಡ್ರೈವರ್ ಬೊನಿಫಾಸ್, ನಾವೆಲ್ಲ ಪೊರ್ಬುಗಳು ಅಂತ ಕರೆಯುವವರು, ಪಿಸುಗುಟ್ಟಿದರು. "ಸ್ವರ್ಣಾ... ಹಿಂದಿನ ಸೀಟಲ್ಲಿ ಯಾರು?"

"ಯಾರೂ ಇಲ್ಲ, ಪೊರ್ಬುಗಳೇ."

"ಕನ್ನಡಿಯಲ್ಲಿ ಉಂಟು, ಮಾರಾಯ್ತಿ..."

ಅವಳು ಇಳಿದಳು. ಟಣ್. ಅವಳ ಹಿಂದೆಯೇ... ಟಕ್. ಸರ್ರ್. ಬೊನಿಫಾಸ್ ಬಾಗಿಲು ಹಾಕಲಿಕ್ಕೂ ನಿಲ್ಲಲಿಲ್ಲ, ಗಾಡಿ ಎಬ್ಬಿಸಿಕೊಂಡು ಹೋದರು.

ಬಾವಿ ದಾಟುವಾಗ ಅವಳ ತಲೆಯಲ್ಲಿ ಇದ್ದದ್ದು ಒಂದೇ. ಮಾನ್ಯಾ. ನನಗೇನಾದರೂ ಆಗಲಿ, ಇದು ಮಗುವಿನ ಹತ್ತಿರ ಸುಳಿಯಬಾರದು. ಇಂಥವು ಕರೆಯದೆ ಹೊಸ್ತಿಲು ದಾಟುವುದಿಲ್ಲ ಅಂತ ತಾಯಿ ಹೇಳಿದ್ದು ನೆನಪಾಯಿತು. ಬಾಯಿ ಬಿಗಿ ಹಿಡಿದು ನಡೆದಳು. ಗೇಟು ತೆರೆದು ಒಳಗೆ ನುಗ್ಗಿ, ಚಿಲಕ ಜಡಿದಳು. ಸದ್ದು ಹೊರಗೇ ನಿಂತಿತು. ಅಬ್ಬ!

ಜಗಲಿಯಲ್ಲಿ ಮಾನ್ಯಾ ನಿಂತಿದ್ದಳು. ಮನೆಗೆ ಯಾರೇ ಬಂದರೂ ನಗುತ್ತಾ ಒಳಗೆ ಕರೆಯಬೇಕು ಅಂತ ಗೈಡಮ್ಮನೇ ಕಲಿಸಿಟ್ಟ ಹುಡುಗಿ. ಅಮ್ಮನ ಭುಜದಾಚೆ ನೋಡಿ, "ಮಾಮ, ಯಾಕೆ ಹೊರಗೆ? ಒಳಗೆ ಬನ್ನಿ," ಅಂದುಬಿಟ್ಟಳು.

ಜಡಿದ ಚಿಲಕ ಕಿರ್ ಅಂತ ಸರಿಯಿತು.

ಸ್ವರ್ಣಲತಾ ಕಿರುಚಿದ್ದಕ್ಕೆ ನಾನು ಅಂಗಳದ ಬೇಲಿ ಹಾರಿ ಓಡಿದೆ. ಅವಳ ತಾಯಿ ಆಗಲೇ ಜಗಲಿಗೆ ಬಂದಿದ್ದರು. ಮಗಳು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು, ಅವರು ಬೈಯಲಿಲ್ಲ. "ಎಷ್ಟು ಸಲ ಬಡಿಸಿದ್ದಿ?" ಅಂತ ಕೇಳಿದರು.

"ಒಮ್ಮೆ..."

"ಮಗು ಮಾಮ ಅಂತ ಕರೆದಾಯ್ತು. ಇನ್ನು ಓಡಿಸಿದ್ರೆ ಹೋಗುದಿಲ್ಲ. ಹೊಟ್ಟೆ ತುಂಬಿಸಿ ಕಳಿಸ್ಬೇಕು."

ನಮ್ಮಲ್ಲಿ ಸತ್ತವರಿಗೆ, ಕುಲೆಗಳಿಗೆ ಅಂತೇವಲ್ಲ, ಬಡಿಸುವ ಕ್ರಮ ಉಂಟು. ಎಲೆ ಹಾಕಿ, ಬಡಿಸಿ, ಬಾಗಿಲು ಮುಚ್ಚಿ ಆಚೆ ಕೂರುವುದು. ಜಗಲಿಯಲ್ಲಿ ಹಾಗೇ ಬಡಿಸಿದೆವು, ಕುಚ್ಚಲಕ್ಕಿ ಅನ್ನ, ಮಧ್ಯಾಹ್ನದ ಸಾರು. "ಉಂಡು, ತೃಪ್ತಿಯಾಗಿ ಹೋಗು ಮಗಾ," ಅಂದರು ಆ ತಾಯಿ. ಆಮೇಲೆ ನಮ್ಮ ಕಡೆ ತಿರುಗಿ, "ಎಲೆ ಹೊರಕ್ಕೆ ಮಡಚಿದ್ರೆ ಋಣ ಹರಿಯಿತು. ಸಾವಿನ ಊಟದ ಹಾಗೆ. ತನ್ನ ಕಡೆಗೆ ಮಡಚಿದ್ರೆ... ಇನ್ನೊಮ್ಮೆ ಬರ್ತೇನೆ ಅಂತ."

ಬಾಗಿಲು ಮುಚ್ಚಿ ಒಳಗೆ ಕೂತೆವು. ಸ್ವರ್ಣಲತಾ ಮಗುವನ್ನು ಎದೆಗೆ ಒತ್ತಿ ಹಿಡಿದಿದ್ದಳು. ಜಗಲಿಯಿಂದ ಅನ್ನ ಕಲಸುವ ಸದ್ದು... ಪಚ್, ಪಚ್. ಲೋಟ ನೆಲಕ್ಕಿಟ್ಟ ಸದ್ದು. ಆಮೇಲೆ ಒಂದು ನಿಟ್ಟುಸಿರು. ಹೇಗೆ ಹೇಳಲಿ, ವರ್ಷಾನುಗಟ್ಟಲೆ ಉಪವಾಸ ಇದ್ದವನದ್ದು. ಹೆದರಿಕೆಯ ನಡುವೆಯೂ ನನಗೆ ಪಾಪ ಅನ್ನಿಸಿತು.

ಕ್ರಮದ ಹಾಗೆ ಮೂರು ಸಲ ಕೆಮ್ಮಿ ಬಾಗಿಲು ತೆರೆದೆವು. ಜಗಲಿಯಲ್ಲಿ ಯಾರೂ ಇಲ್ಲ. ಗೇಟು ಮುಚ್ಚಿತ್ತು, ಚಿಲಕವೂ ಹಾಕಿತ್ತು. ಎಲೆ ಮಡಚಿತ್ತು, ಅಚ್ಚುಕಟ್ಟಾಗಿ... ಉಂಡವನ ಕಡೆಗೆ.

ಸ್ವರ್ಣಲತಾ ಮಗುವನ್ನು ಹಿಂದಕ್ಕೆ ಎಳೆದುಕೊಂಡಳು. ಮಾನ್ಯಾ ಮಾತ್ರ ಗೇಟಿನ ಕಡೆ ನೋಡುತ್ತಾ, "ಮಾಮ ಬರ್ತೇನೆ ಅಂದ್ರು," ಅಂದಳು.

ಈಗಲೂ ಸ್ವರ್ಣಲತಾ ಗೈಡ್ ಕೆಲಸಕ್ಕೆ ಹೋಗ್ತಾಳೆ. ಬತ್ತೇರಿಯಲ್ಲಿ ಪಟ್ಟಿ ಹಿಡಿದು ಒಬ್ಬೊಬ್ಬರ ಹೆಸರು ಕರೆಯುತ್ತಾಳೆ. ಮನೆಯಲ್ಲಿ ರಾತ್ರಿ ಒಂದು ಎಲೆ ಹೆಚ್ಚಿಗೆ ಹಾಕುತ್ತಾರೆ, ಕೇಳಿದರೆ ಮಾತು ತಿರುಗಿಸುತ್ತಾರೆ. ನಂಬದಿದ್ದರೆ ಬಿಡಿ, ನನಗೇನೂ ನಷ್ಟವಿಲ್ಲ. ಆವತ್ತಿನ ಎಲೆ ಎತ್ತಿ ಬಿಸಾಡಿದ್ದು ನಾನೇ. ಸಾಬೂನು ಹಾಕಿ ತೊಳೆದರೂ ಎರಡು ದಿನ ಈ ಕೈಯಿಂದ ಪಟಾಕಿ ವಾಸನೆ ಹೋಗಿರಲಿಲ್ಲ.