ಹೆಸರು ಕೇಳಿದ ಕಂಪ್ಯೂಟರ್

ಕಟ್ಟುಕತೆ ಅಂದ್ಕೋಬೇಡಿ. ನಮ್ಮ ದೊಡ್ಡಮ್ಮನ ಮಗನಿಗೇ ಆಗಿದ್ದು. ಕಂಪ್ಯೂಟರ್ ರಿಪೇರಿ ಅವನ ಕಸುಬು. ದೆವ್ವ ಅಂದ್ರೆ ಮೂಗು ಮುರಿಯೋ ಆಸಾಮಿ... ಈಗ ಅವನ ಮುಂದೆ ಆ ಮಾತು ಎತ್ತಿ ನೋಡಿ.

ಅವತ್ತು ನಮ್ಮೂರ ಟೈಲರಮ್ಮನ ಮನೆಯಿಂದ ಒಂದು ಹಳೇ ಕಂಪ್ಯೂಟರನ್ನ ಹೆಗಲ ಮೇಲೆ ಹೊತ್ಕೊಂಡು ಬರ್ತಿದ್ದ. ಆಕೆಯ ತೀರಿಹೋದ ಮಗಳದ್ದಂತೆ. ಹನ್ನೊಂದು ವರ್ಷ ಯಾರೂ ಅದನ್ನ ಮುಟ್ಟಿರಲಿಲ್ಲ. "ಹಳೇದೇನೂ ಬೇಡಪ್ಪ, ಎಲ್ಲ ಅಳಿಸಿ ನಡೆಯೋ ಹಾಗೆ ಮಾಡ್ಕೊಡು," ಅಂದವರೇ ಆಕೆ ಬಾಗಿಲು ಹಾಕ್ಕೊಂಡಿದ್ರು.

ಹಾಳುಬಾವಿ ಹತ್ರ ಬರೋಷ್ಟರಲ್ಲಿ ಗವ್ವೆನ್ನೋ ಕತ್ತಲು. ಕಂಪ್ಯೂಟರ್ ಡಬ್ಬಿಯೊಳಗೆ ಏನೋ... ಟಿಕ್... ಟಿಕ್... ಅಣ್ಣ ನಿಂತ. ಅದೂ ನಿಂತಿತು. ನಡೆದ. ಟಿಕ್. "ಯಾವ್ದೋ ಸ್ಕ್ರೂ ಸಡಿಲ ಆಗಿದೆ," ಅಂತ ತನಗೆ ತಾನೇ ಹೇಳ್ಕೊಂಡ, ಅದೂ ಪಿಸುದನೀಲಿ. ಯಾಕೆ ಪಿಸುದನಿ ಅಂದ್ರೆ ಅವನಿಗೂ ಗೊತ್ತಿಲ್ಲ.

ಮನೇಲಿ ಅತ್ತಿಗೆ, ಆರು ವರ್ಷದ ಮಗಳು ಒಳಕೋಣೇಲಿ ಮಲಗಿದ್ರು. ಅಣ್ಣ ಪೆನ್‌ಡ್ರೈವ್ ಚುಚ್ಚಿ, ಹಳೇದೆಲ್ಲ ಅಳಿಸಿ ಲಿನಕ್ಸ್ ಅನ್ನೋ ಹೊಸ ಸಾಫ್ಟ್‌ವೇರ್ ಹಾಕೋಕೆ ಕೂತ. ಮುದಿ ಕಂಪ್ಯೂಟರಿಗೂ ಅದು ಭಾರ ಆಗಲ್ಲ ಅಂತ ಅವನು ಅದನ್ನೇ ಹಾಕೋದು. ಹಾಕುವಾಗ ಅದು ಒಂದು ಪ್ರಶ್ನೆ ಕೇಳುತ್ತೆ... ಇದನ್ನ ಬಳಸೋರ ಹೆಸರೇನು? ಅಣ್ಣ 'ಟೆಸ್ಟ್' ಅಂತ ಹೊಡೆದ. ಕರ್... ಕರ್... ಟಕ್. ಅರವತ್ನಾಲ್ಕು ಪರ್ಸೆಂಟಿಗೆ ಬಂದು ನಿಂತೇಹೋಯ್ತು.

ರ್‍ಯಾಮ್ ಅನ್ನೋ ಮೆಮೊರಿ ಪಟ್ಟಿ ಕಿತ್ತು, ಮಗಳ ರಬ್ಬರಿನಿಂದ ಅದರ ಅಂಚು ಉಜ್ಜಿ, ಮತ್ತೆ ಕೂರಿಸಿದ. 'ಟೆಸ್ಟ್ ಎರಡು'. ಕರ್... ಕರ್... ಟಕ್. ಅರವತ್ನಾಲ್ಕು. ಡಿಸ್ಕಿನ ಕೇಬಲ್ ಬದಲಿಸಿದ. ಮತ್ತೆ ಅದೇ ರಾಗ, ಅದೇ ಹಾಡು. "ನಿನ್ನ ಮನೆ ಹಾಳಾಗ!" ಅಂತ ಬೈದ. ನಾಲ್ಕನೇ ಸಲ ಅದು ಹೆಸರು ಕೇಳಿದಾಗ, ಅದೇನು ತೋಚಿತೋ, ಮಗಳ ಹೆಸರು ಹೊಡೆದ. ಏನು ಹೆಸರು ಅಂತ ಕೇಳಬೇಡಿ. ಈ ಹೊತ್ತಲ್ಲಿ ನಾನು ಬಾಯಿಬಿಡಲ್ಲ.

ಅರವತ್ನಾಲ್ಕು... ಅರವತ್ತೈದು... ಸರ್ರನೆ ನೂರು! "ಬಂತು ನೋಡು ದಾರಿಗೆ," ಅಂತ ಅಣ್ಣ ಮೈಮುರಿದ. ಡಿಸ್ಕಿನ ಸದ್ದು ಅಡಗಿತು. ಫ್ಯಾನ್ ಸದ್ದೂ ಅಡಗಿತು. ಆಗ ಒಳಗಿಂದ ಅತ್ತಿಗೆ ಪಿಸುಗುಟ್ಟಿದ್ರು.

"ರೀ... ಇಲ್ಲಿ ಬನ್ನಿ. ಮಗು ಎದ್ದು ಕೂತಿದೆ."

ಗೋಡೆ ಕಡೆ ಮುಖ ಮಾಡ್ಕೊಂಡು ಕೂತಿತ್ತು. ಅಣ್ಣ ಹೆಸರು ಹಿಡಿದು ಕರೆದ. ತಿರುಗಲಿಲ್ಲ. ಮತ್ತೆ ಕರೆದ.

"ಅದು ನನ್ನ ಹೆಸರಲ್ಲಪ್ಪಾ," ಅಂತು ಮೆಲ್ಲಗೆ. "ನೀನೇ ಅವಳಿಗೆ ಕೊಟ್ಯಲ್ಲ."

ಅಣ್ಣ ಬಿದ್ದೆನೋ ಎದ್ದೆನೋ ಅಂತ ಕಂಪ್ಯೂಟರ್ ಹತ್ರ ಓಡಿ, ಡಿಸ್ಕನ್ನೇ ಅಳಿಸೋಕೆ ಹಚ್ಚಿದ. ಹತ್ತು ಪರ್ಸೆಂಟ್. ಇಪ್ಪತ್ತು. ಅತ್ತಿಗೆ ಕಿಟಾರನೆ ಕಿರುಚಿದ್ರು.

"ನಿಲ್ಲಿಸ್ರೀ! ಮಗು ಕೈ ತಣ್ಣಗಾಗ್ತಿದೆ... ಅಯ್ಯೋ, ಕಾಲೂ..."

ಮೂವತ್ತಕ್ಕೆ ನಿಲ್ಲಿಸಿದ. ತಾನು ಅಳಿಸ್ತಿರೋದು ಯಾರನ್ನ? ಹಾಗೆ ಅರ್ಧಂಬರ್ಧ ಅಳಿಸಿದ ಕಂಪ್ಯೂಟರ್ ಮತ್ತೆ ಏಳಬಾರದು. ಎದ್ದಿತು. ಪರದೆ ಮೇಲೆ ದಪ್ಪಕ್ಷರದಲ್ಲಿ ಮಗಳ ಹೆಸರು.

ಅಳಿಸೋಕಾಗಲ್ಲ, ಬದಲಿಸಿಯಾದ್ರೂ ನೋಡೋಣ ಅಂತ ಹೆಸರು ಬದಲಿಸೋ ಜಾಗಕ್ಕೆ ಹೋದ. 'ಟೆಸ್ಟ್' ಅಂತ ಹೊಡೆದ. ತಗೊಳ್ಳಲಿಲ್ಲ. 'ಗೆಸ್ಟ್' ಅಂದ. ಊಹೂಂ. ಬಾಯಿಗೆ ಬಂದ ಸುಳ್ಳು ಹೆಸರೆಲ್ಲ ಹೊಡೆದ. ಯಾವುದೂ ಬೇಡ ಅದಕ್ಕೆ. ಜೀವ ಇರೋರ ಹೆಸರೇ ಆಗಬೇಕು ಅಂತ ಅವನಿಗೆ ಆಗ ಹೊಳೀತು. ಒಳಗೆ ಅತ್ತಿಗೆ ಮಗೂನ ಅಂಗಾಲು ಉಜ್ಜೋ ಸದ್ದು... ಸರ್... ಸರ್... ಅಣ್ಣ ಕಣ್ಣು ಮುಚ್ಚಿಕೊಂಡು ತನ್ನ ಹೆಸರು ಹೊಡೆದ.

ಟಕ್.

ಒಳಗೆ ಮಗು ಹೋ ಅಂತ ಅಳೋಕೆ ಶುರು ಮಾಡ್ತು. ಕರೆದ್ರೆ "ಹಾಂ ಅಪ್ಪಾ" ಅಂತು. ಅಣ್ಣ ಅದನ್ನ ತಬ್ಬಿಕೊಂಡು ಅತ್ತುಬಿಟ್ಟ.

ಬೆಳಗಾಗೋದೇ ತಡ, ಕಂಪ್ಯೂಟರನ್ನ ಟೈಲರಮ್ಮನಿಗೆ ಒಪ್ಪಿಸಿ ಬಂದ. ಮಗಳು ಈಗ ಗುಂಡುಕಲ್ಲಿನ ಹಾಗಿದಾಳೆ, ಬಾಯಿ ಮುಚ್ಚಲ್ಲ. ಅಣ್ಣನೂ ಚೆನ್ನಾಗೇ ಇದಾನೆ. ಹೆಸರು ಹಿಡಿದು ಕೂಗಿದ್ರೆ ಮಾತ್ರ ತಿರುಗಲ್ಲ.

ಹೋದ ತಿಂಗಳು ಕಣ್ಣಿನ ಡಾಕ್ಟರ ಹತ್ರ ಅವನನ್ನ ನಾನೇ ಕರ್ಕೊಂಡು ಹೋಗಿದ್ದೆ. ನರ್ಸಮ್ಮ ಪಟ್ಟಿ ನೋಡಿ ಅವನ ಹೆಸರು ಕೂಗಿದ್ರು. ಅಣ್ಣ ಕೂತೇ ಇದ್ದ. ನಾನು ಮೊಣಕೈಲಿ ತಿವಿಯೋಷ್ಟರಲ್ಲಿ... ನಮ್ಮ ಹಿಂದಿನ ಬೆಂಚಿಂದ "ಬಂದೆ" ಅಂತ ಒಂದು ಹುಡುಗಿ ದನಿ. ತಿರುಗಿದ್ರೆ ಬೆಂಚು ಖಾಲಿ. ನಾನೇ ಕಿವಿಯಾರೆ ಕೇಳಿದ್ದು ಕಣ್ರೀ, ನಂಬಿದ್ರೆ ನಂಬಿ, ಬಿಟ್ರೆ ಬಿಡಿ. ನರ್ಸಮ್ಮ ಪಟ್ಟೀಲಿ ಅವನ ಹೆಸರಿಗೆ ಗೀಟು ಎಳೆದು, "ಮುಂದಿನವರು ಬನ್ನಿ," ಅಂದ್ರು.