ವರದೆಗೆ ಬಿಟ್ಟ ಗಿಡ

ಹಾವೇರಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಒಬ್ಬ ಮುದುಕಿ ಕರ್ಜಗಿ ಬಸ್ಸಿಗೆ ಕಾಯುತ್ತಿದ್ದಳು. ತೊಡೆಯ ಮೇಲೆ ನೀರು ತೊಟ್ಟಿಕ್ಕುವ ಚೀಲ. ಎದುರಿಗೆ ನಿಂತವನು ನರ್ಸರಿ ಇಟ್ಟಿರುವ ಅವಳ ತಂಗಿಯ ಮಗ.

“ಮೈಲೇಶಾ, ನೀ ಕೊಟ್ಟ ನೇರಳಿ ಹೂವಿನ ನೀರಿನ ಗಿಡಾ ಟಬ್ ತುಂಬ ಹಬ್ಬೇತಿ. ವಾಪಸ್ ತಗೊಂಡು ಯಾರಿಗರ ಮಾರು.”

“ಅದನ್ನ ಮಾರೋದು ಬಿಟ್ಟೇನಿ, ದೊಡ್ಡವ್ವ. ಕೆರಿಗೆ ಬಿದ್ರ ಕೆರೀನ ಮುಚ್ಚತೈತಿ. ಮಾಳಿಗಿ ಮ್ಯಾಲೆ ಒಣಗಿಸಿ ತಿಪ್ಪಿಗೆ ಹಾಕು ಅಂತ ಹೇಳಿದ್ನಿಲ್ಲ?”

“ಗೌರಿ ಮುಂದ ಇಟ್ಟಿದ್ದು. ತಿಪ್ಪಿಗೆ ಹೆಂಗ ಹಾಕ್ಲಿ?”

“ಎಲ್ಲಾರೂ ಹಿಂಗ ಅಂತಾರ. ಹೇಳಿ ಹೇಳಿ ಸಾಕಾಗೇತಿ.”

“ಕೆರಿಗಂತೂ ಹಾಕೂದಿಲ್ಲ. ಹೊಳಿಗೆ ಬಿಡ್ತೇನಿ. ಹರಿಯೋ ನೀರು, ಎಲ್ಲೆರ ಹೋಗತೈತಿ.”

“ವರದಾ ಹೊಳಿ ಎಲ್ಲಿಗೆ ಹೋಗತೈತಿ?”

“ಗಳಗನಾಥಕ್ಕ. ನನ್ನ ಮಗಳು ಗಂಗಾನ ಊರಿಗೆ.”

“ಅಕಿ ಗಂಡ ಮೀನು ಹಿಡಿಯೋದೂ ಅಲ್ಲೇ. ಇದು ಹಬ್ಬಿದ್ರ ಅವ ಬಲಿ ಎಲ್ಲಿ ಬೀಸಬೇಕು?”

ಮುದುಕಿ ಚೀಲದ ಬಾಯಿ ಬಿಗಿದು ಕಟ್ಟಿದಳು. ಬಸ್ಸು ಬಂತು. ಅವನು ಕೈ ಚಾಚಿದ.

“ಕೊಡು, ನಾನ ಒಣಗಸ್ತೇನಿ.”

“ತಗೋಪಾ. ಆದ್ರ ದೀಪಾವಳಿಗೆ ಒಂದಿಷ್ಟು ಆಗಲೇ ಬಿಟ್ಟೇನಿ.”

“ಹೊಳಿಗೆ?”

“ಹೂಂ.” ಅವಳು ಸೆರಗು ಸರಿಮಾಡಿಕೊಂಡು ಮೆಟ್ಟಿಲು ಹತ್ತಿದಳು. “ನಿನ್ನೆ ಗಂಗಾ ಫೋನ್ ಮಾಡಿದ್ಲು. ಹೊಳ್ಯಾಗ ನೇರಳಿ ಹೂವಿನ ಗಿಡಾ ತೇಲಿ ಬಂದಾವಂತ. ಭಾಳ ಚಂದ ಅದಾವಂತ. ಒಂದು ತಂದು ಅಕಿನೂ ಟಬ್ಬಿನ್ಯಾಗ ಇಟ್ಕೊಂಡಾಳಂತ.”

ಬಸ್ಸು ಹೊರಟಿತು. ಅವನು ಚೀಲ ಹಿಡಿದುಕೊಂಡು ನರ್ಸರಿಯ ಕಡೆ ನಡೆದ.